ಇಂದ್ರಾಣಿ ಬಿಚ್ಚಿದ ಗಂಟು

ಯಾರ ಬಟ್ಟೆಯಲ್ಲೇ ಆಗಲಿ, ಹರಿದ ಎಳೆಯೊಂದು ಇಣುಕಿದರೆ ಸಾಕು, ಇಂದ್ರಾಣಿಯವರ ಬೆರಳು ಹೇಳದೆ ಕೇಳದೆ ಹೋಗಿ ಅದಕ್ಕೆ ಗಂಟು ಹಾಕಿಬಿಡುತ್ತದೆ. ಹಿಂದೂಪುರದ ನಮ್ಮ ಕಾಲೇಜಿನ ಧ್ವಜಾರೋಹಣದಲ್ಲಿ, ರಾಷ್ಟ್ರಗೀತೆ ಮುಗಿದ ಮರುಕ್ಷಣ, ಪ್ರಿನ್ಸಿಪಾಲರ ಕೋಟಿನ ತೋಳಿಗೂ ಹಾಕಿದ ಮಹಾತಾಯಿ! ನಡುಬೇಸಿಗೆಯಲ್ಲೂ ಬೂದು ಸ್ವೆಟರ್, ಒಂದು ಹೆಗಲು ತಗ್ಗಿಸಿ ಗೋಡೆಯಂಚಿಗೇ ಸರಿಯುವ ನಡಿಗೆ, ಮಾತಿಗೊಮ್ಮೆ ‘ಅಂಗಂತೀರಾ ಸಾರ್?’ ಎಂಬ ಅನುಮಾನ. ಅವರದು ಭೌತಶಾಸ್ತ್ರ, ನನ್ನದು ಕನ್ನಡ; ಸ್ಟಾಫ್ ರೂಮಿನಲ್ಲಿ ಹನ್ನೊಂದು ವರ್ಷದಿಂದ ಎದುರುಬದುರು ಕುರ್ಚಿ.

ಕಲ್ಯಾಣದುರ್ಗದ ನೇಕಾರರ ಮನೆಯ ಈ ಮಗಳು ಪಾಠದ ಬಿಡುವಿನಲ್ಲೆಲ್ಲ ಅಳೆಯುತ್ತಿದ್ದುದು ವಿಶ್ವ ಹಿಗ್ಗುವ ವೇಗವನ್ನು. ಕ್ವೇಸಾರ್ ಎಂಬುದು ಅತಿದೂರದ ಉಜ್ವಲ ಜ್ಯೋತಿ. ನಡುವೆ ಅಡ್ಡನಿಂತ ಗ್ಯಾಲಕ್ಸಿಯ ಗುರುತ್ವ ಅದರ ಬೆಳಕನ್ನು ಬಾಗಿಸಿ, ಒಂದನ್ನೇ ನಾಲ್ಕಾಗಿ ತೋರಿಸುತ್ತದೆ. ಕ್ವೇಸಾರ್ ಒಮ್ಮೆ ಮಂಕಾದರೆ ನಾಲ್ಕು ಬಿಂಬಗಳೂ ಬೇರೆ ಬೇರೆ ದಿನ ಮಂಕಾಗುತ್ತವೆ, ಏಕೆಂದರೆ ನಾಲ್ಕರ ದಾರಿಯೂ ಬೇರೆ. ಆ ದಿನಗಳ ಅಂತರದಿಂದಲೇ ವೇಗದ ಲೆಕ್ಕ. ದೊಡ್ಡ ತಂಡವೊಂದರಲ್ಲಿ ಆ ಅಂತರ ಕಂಡುಹಿಡಿಯುವ ಕೆಲಸ ಇವರದು. ಪಕ್ಷಪಾತ ನುಸುಳದಂತೆ ಉತ್ತರವನ್ನು ಎಲ್ಲರಿಂದಲೂ ಮರೆಮಾಡಿಟ್ಟು ಆರು ವರ್ಷ ದುಡಿದು, ಕಳೆದ ಫೆಬ್ರವರಿಯಲ್ಲಿ ತೆರೆದರು. ಆ ವೇಗಕ್ಕೆ ಬೇರೆ ಬೇರೆ ಉತ್ತರ ಹಿಡಿದು ಕೂತ ವಿಜ್ಞಾನಿಗಳ ಎರಡು ಪಂಗಡಗಳ ಜಗಳ ತೀರಿಸುವಂಥ ಖಚಿತ ಸಂಖ್ಯೆ! ಪ್ರಕಟವಾಗಲಿದ್ದ ಲೇಖನದಲ್ಲಿ ಮೊದಲ ಹೆಸರು ಇಂದ್ರಾಣಿಯವರದು. ಮೈಸೂರುಪಾಕು ಹಂಚಿದವನು ನಾನೇ.

ಮುಂದಿನ ವಾರ ಅವರ ಮುಖ ಬಾಡಿತ್ತು. ‘ಮಳೆಗಾಲ ಮೂರು ತಿಂಗ್ಳು ಟೆಲಿಸ್ಕೋಪ್ ಮುಚ್ಚಿರ್ತಾರೆ ಸಾರ್. ಬೆಳಕಿನ ಏರಿಳಿತ ತೋರ್ಸೋ ಗ್ರಾಫಿನ ಗೆರೆ ಅಲ್ಲಿ ಹರ್ದಿರ್ತದೆ. ಖಾಲಿ ಬಿಡ್ಬೇಕಿತ್ತು. ನಾನು ಆಚೆ ತುದಿ ಈಚೆ ತುದಿ ಎಳ್ದು ಗಂಟು ಹಾಕ್ಬುಟ್ಟಿದೀನಿ.’ ಆ ಖಚಿತತೆಗೆ ಆಧಾರವೇ ಆ ಗಂಟು. ಉತ್ತರ ತೆರೆದ ಮೇಲೆ ತಿದ್ದುವುದಾದರೆ ತಪ್ಪನ್ನು ಎಲ್ಲರೆದುರು ಒಪ್ಪಿಯೇ ತಿದ್ದಬೇಕು.

‘ಯಾರಿಗೆ ಗೊತ್ತಾಗುತ್ತೆ, ಸುಮ್ಮನಿರಿ ತಾಯಿ’ ಎಂದೆ. ಹಾಗೆ ಬುದ್ಧಿ ಹೇಳಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಶನಿವಾರ ಮನಸ್ಸು ತಡೆಯದೆ ಅವರೊಡನೆ ಕಲ್ಯಾಣದುರ್ಗದ ಬಸ್ಸು ಹತ್ತಿದೆ. ತಾಯಿ ರಾಮಕ್ಕ ಮಗ್ಗದಿಂದ ಏಳದೆಯೇ ಎಲ್ಲ ಕೇಳಿಸಿಕೊಂಡು, ‘ಹಾಕ್ದೋಳು ನೀನೇ ತಾನೇ? ಬಿಚ್ಚಿಬುಡು. ಸೀರೆ ಹೋದ್ರೆ ಪರ್ವಾಲೇದು ಕಣಮ್ಮ’ ಎಂದರು. ಇಂದ್ರಾಣಿ ಅಲ್ಲೇ ಜಗಲಿಯಲ್ಲಿ ಕೂತು, ತಪ್ಪು ತನ್ನದೆಂದು ತಂಡಕ್ಕೆ ಬರೆದು ಕಳಿಸಿ, ಸ್ವೆಟರಿನ ತೋಳಿನಲ್ಲಿ ಕಣ್ಣೊರೆಸಿಕೊಂಡರು.

ತಿದ್ದಿದ ಲೆಕ್ಕದಲ್ಲಿ ಸಂಖ್ಯೆಯ ಅನಿಶ್ಚಿತತೆ ಎರಡೂ ಪಂಗಡಗಳ ಉತ್ತರಗಳನ್ನು ಒಳಗೊಳ್ಳುವಷ್ಟು ಅಗಲವಾಯಿತು. ಲೇಖನ ಹೊರಬಂತು, ಜಗಳ ತೀರಲಿಲ್ಲ, ಚಪ್ಪಾಳೆಯೂ ಬೀಳಲಿಲ್ಲ.

ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆಯೆಂದು ಇಂದ್ರಾಣಿಯವರು ನಮಗಿನ್ನೂ ಹೇಳಿಲ್ಲ. ಆದರೆ ಕೈಗೆ ಬಂದ ಕೀರ್ತಿಯನ್ನು ಕೆಳಗಿಟ್ಟು ‘ಗೊತ್ತಿಲ್ಲ’ ಎಂದವರು ಇವರು. ನಾಳೆ ‘ಗೊತ್ತಾಯಿತು’ ಎಂದರೆ ನಾವು ನಂಬಬಹುದಾದವರೂ ಇವರೇ.