ನೊಣ ತಿಂದ ಪುಡಿ, ಮಾವ ಬಿಟ್ಟ ಮಾತ್ರೆ

ಗಡಿಯಾರ ರಿಪೇರಿಯವರ ಮನೆಯಲ್ಲಿ ಬಿಪಿ ಮಾತ್ರೆಯ ಸ್ಟ್ರಿಪ್ಪು ಹನ್ನೊಂದು ದಿನದಿಂದ ಹಾಗೇ ಬಿದ್ದಿತ್ತು. ಒಂದು ಮಾತ್ರೆಯೂ ಖರ್ಚಾಗಿರಲಿಲ್ಲ. ಪಕ್ಕದಲ್ಲಿ ಹೊಸ ಡಬ್ಬಿಯೊಂದು ಬಂದು ಕೂತಿತ್ತು. ಅದರ ಮೇಲೆ ಚಿನ್ನದ ಬಣ್ಣದ ನೊಣದ ಚಿತ್ರ. ಕೆಳಗೆ, ‘ಪ್ರಯೋಗಾಲಯದಲ್ಲಿ ಆಯುಸ್ಸು ಹೆಚ್ಚಿಸಿದ ಆಂಟಿಆಕ್ಸಿಡೆಂಟ್ ಪುಡಿ’.

“ರೀ, ಬೆಳಗ್ಗೆ ತಲೆ ಸುತ್ತಿ ಬಾಗಿಲು ಹಿಡ್ಕೊಂಡ್ರಲ್ಲ, ಮಾತ್ರೆ ತಗೊಂಡ್ರಾ?” ಹೆಂಡತಿ ಕೇಳಿದರು.

“ಮಾತ್ರೆ ಯಾಕೆ? ದೇಹಕ್ಕೆ ತುಕ್ಕು ಹಿಡಿಯೋದೇ ಮುಪ್ಪಂತೆ. ಈ ಪುಡಿ ಅದನ್ನ ತಡೆಯುತ್ತೆ, ಗಡಿಯಾರಕ್ಕೆ ಎಣ್ಣೆ ಬಿಟ್ಟ ಹಾಗೆ. ದಿನಾ ಎರಡು ಚಮಚ ಹಾಕ್ಕೋತಿದೀನಿ.”

“ಡಬ್ಬಿ ಮೇಲೆ ಒಂದೇ ಚಮಚ ಅಂತ ಇದೆ.”

“ಅದು ನೊಣಕ್ಕೆ ಕಣೇ. ನಾನು ನೊಣಕ್ಕಿಂತ ಸ್ವಲ್ಪ ದಪ್ಪ ಇದೀನಿ.”

ಸೊಸೆಗೆ ನಗು ಬಂತು, ಭಯವೂ ಆಯಿತು. ಅವಳ ಕೆಲಸವೇ ಪ್ರಯೋಗಾಲಯದ ಹಣ್ಣಿನ ನೊಣಗಳಿಗೆ ಅಡುಗೆ ಮಾಡುವುದು. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಸೇರಿಸಿ ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸಿ ಕೊಳವೆಗಳಿಗೆ ಸುರಿಯುತ್ತಾಳೆ.

“ನಿಮ್ಮಲ್ಲೂ ಇಂಥ ಪುಡಿ ಹಾಕ್ತೀರಲ್ಲಮ್ಮ, ನೊಣ ಹೆಚ್ಚು ದಿನ ಬದುಕಿದ್ವಾ?”

“ಕೆಲವು ಬದುಕಿದ್ವು ಮಾವ. ಕೆಲವು ಬೇಗ ಸತ್ತವು.”

“ನೀನು ಗಂಜಿ ಸೀದಿಸಿರಬೇಕು.”

“ಹಾಗಾದ್ರೆ ಬಂದು ನೋಡಿ.”

ಲ್ಯಾಬಿನ ಮೇಡಂ ಒಪ್ಪಿಗೆ ಕೊಟ್ಟರು. ಮರುದಿನ ಮಾವ ಅಂಗಡಿಗೆ ಬೀಗ ಹಾಕಿ, ಪುಡಿಯ ಡಬ್ಬಿಯನ್ನೂ ಚೀಲದಲ್ಲಿಟ್ಟುಕೊಂಡು ಲ್ಯಾಬಿಗೆ ಬಂದರು. ಗೋಡೆಯುದ್ದಕ್ಕೂ ಗಾಜಿನ ಕೊಳವೆಗಳು. ಒಂದೊಂದೂ ಒಂದು ಪುಟ್ಟ ಊರು: ಹತ್ತಿಯ ಹೆಬ್ಬಾಗಿಲು, ಹಿಟ್ಟಿನ ನೆಲ, ಎರಡು ಮೂರು ತಿಂಗಳಲ್ಲಿ ಮುಗಿಯುವ ಪೂರ್ಣಾಯುಸ್ಸು. ಎರಡು ದಿನಕ್ಕೊಮ್ಮೆ ಸೊಸೆ ಬದುಕಿದವನ್ನು ಹೊಸ ಕೊಳವೆಗೆ ದಾಟಿಸಿ, ಸತ್ತವನ್ನು ಎಣಿಸುತ್ತಾಳೆ.

“ಈ ಸಾಲಿಗೆ ಪುಡಿ ಇಲ್ಲ. ಇದಕ್ಕೆ ಸ್ವಲ್ಪ. ಈ ಕೊನೇದಕ್ಕೆ ಜಾಸ್ತಿ.”

“ಕೊನೇದು ಖಾಲಿ ಇದೆಯಲ್ಲ?”

“ಅವೇ ಮೊದಲು ಹೋಗಿದ್ದು.”

ಮಾವ ಪಕ್ಕದ ಸಾಲಿಗೆ ಸರಿದರು. “ಸ್ವಲ್ಪ ತಿಂದವು?”

“ಕೆಲವು ದಿನ ಹೆಚ್ಚು ಬದುಕಿದ್ವು.”

“ಅಲ್ಲಿಗೆ ನಾನೇ ಗೆದ್ದೆ!”

“ತಡೀರಿ.” ಸೊಸೆ ಎರಡು ಪುಟ್ಟ ತಟ್ಟೆ ತಂದಳು. ನೀಲಿ ಬಣ್ಣ ಬೆರೆಸಿದ ಗಂಜಿ ತಿಂದ ನೊಣಗಳು ಮಂಜುಗಡ್ಡೆಯ ತಂಪಿಗೆ ಜೋಂಪು ಹತ್ತಿ ಮಲಗಿದ್ದವು. ಮಾವ ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದರು. ಪುಡಿ ಇಲ್ಲದ ಗಂಜಿ ತಿಂದವುಗಳ ಹೊಟ್ಟೆ ಕಡುನೀಲಿ. ಸ್ವಲ್ಪ ಪುಡಿ ಬೆರೆತದ್ದನ್ನು ತಿಂದವುಗಳದು ಬರೀ ತೆಳುನೀಲಿ.

“ಇವು ಸರಿಯಾಗಿ ಉಂಡೇ ಇಲ್ಲ.”

“ಪುಡಿ ಕಹಿ ಮಾವ. ಕಡಿಮೆ ತಿಂದ ನೊಣ ಕೆಲವು ಸಲ ಹೆಚ್ಚು ದಿನ ಬದುಕುತ್ತೆ. ಹಾಗಾದ್ರೆ ದಿನ ಕೂಡಿಸಿದ್ದು ಪುಡಿಯೋ, ಹಸಿವೋ? ಮೇಡಂಗೇ ಇನ್ನೂ ಗೊತ್ತಾಗಿಲ್ಲ. ಡಬ್ಬಿಯವರಿಗೆ ಹೇಗೆ ಗೊತ್ತಾಯ್ತು?”

ಮಾವ ಭೂತಗನ್ನಡಿ ತೆಗೆಯದೆ ಕೇಳಿದರು, “ಇವುಗಳಲ್ಲಿ ಒಂದಕ್ಕಾದರೂ ಬಿಪಿ ಇತ್ತಾ?”

“ಅದನ್ನು ನಾವು ನೋಡೇ ಇಲ್ಲ.”

“ಅಂದ್ರೆ ನನ್ನ ಕಾಯಿಲೆ ಬಗ್ಗೆ ಇಲ್ಲಿ ಯಾರೂ ಏನೂ ಕೇಳೇ ಇಲ್ಲ” ಅಂದರು ಮೆಲ್ಲಗೆ.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದರು. ನರ್ಸ್ ತೋಳಿಗೆ ಪಟ್ಟಿ ಸುತ್ತಿ ಅಳೆದರು. ನೂರ ಎಂಬತ್ತೆರಡು. ಮಾತ್ರೆ ಬಿಟ್ಟಿದ್ದನ್ನು ಮಾವ ಒಪ್ಪಿಕೊಂಡರು.

“ಅಜ್ಜಾ, ಇನ್ನೂ ಒಂದು ವಾರ ಹೀಗೇ ಬಿಟ್ಟಿದ್ರೆ ಸ್ಟ್ರೋಕ್ ಆಗಬಹುದಿತ್ತು. ಮಾತ್ರೆ ನಿಲ್ಲಿಸು ಅಂದೋರು ಯಾರು?”

“ಒಂದು ನೊಣ” ಅಂದರು ಮಾವ, ತಲೆ ತಗ್ಗಿಸಿ.

ಡಾಕ್ಟರು ಮಾತ್ರೆ ಮತ್ತೆ ಶುರು ಮಾಡಿಸಿದರು. ವಾರವಾರ ಬಂದು ಅಳೆಸಿಕೊಳ್ಳಲು ಹೇಳಿದರು. ಪುಡಿಯ ಡಬ್ಬಿ ನೋಡಿ, “ಇದು ಬೇಡ. ಹಣ್ಣು, ಸೊಪ್ಪು, ತರಕಾರಿ ಚೆನ್ನಾಗಿ ತಿನ್ನಿ” ಅಂದರು. ಮೂರನೇ ವಾರಕ್ಕೆ ಬಿಪಿ ನೂರ ನಲವತ್ತಕ್ಕೆ ಇಳಿಯಿತು. ತಲೆಸುತ್ತು ನಿಂತಿತು. ಹೆಂಡತಿ ಈಗ ಮಾತ್ರೆ ಕೊಟ್ಟು, ಅವರು ನುಂಗಿ ಬಾಯಿ ತೆರೆದು ತೋರಿಸುವ ತನಕ ಎದುರಿಂದ ಕದಲುವುದಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಗೂ ಇಂಥ ಡಬ್ಬಿ ಬರಬಹುದು. ಬಂದರೆ ಕೇಳಿ: ಇದನ್ನು ಯಾರಿಗೆ ತಿನ್ನಿಸಿ ನೋಡಿದರು? ಎಷ್ಟು ತಿನ್ನಿಸಿದರು? ನನ್ನಂಥ ಕಾಯಿಲೆಯವರು ಅಲ್ಲಿದ್ದರೇ? ಉತ್ತರ ಸಿಗದಿದ್ದರೆ ಡಬ್ಬಿಯನ್ನು ಡಾಕ್ಟರಿಗೆ ತೋರಿಸಿ. ಅವರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ನೊಣದ ಆಯುಸ್ಸು ನೊಣಕ್ಕೇ ಇರಲಿ.

ಇವತ್ತಿನ ಮಾತ್ರೆ ತಗೊಂಡಿರಾ?