ಬದುವಿನ ಕೆಳಗಿನ ನೇರಳೆ

ಚಿಕ್ಕಮಾರಯ್ಯ ಬದುವಿಗೆ ಗುದ್ದಲಿ ಹಾಕಿದ ಸದ್ದು ಕೇಳಿ ಗೌಹರ್ ಕಳೆ ಕೊಯ್ಯುತ್ತಿದ್ದ ಕುಡುಗೋಲು ಹಿಡಿದೇ ಓಡಿದಳು.

ಎಪ್ಪತ್ತೊಂಬತ್ತನೇ ಇಸವಿ, ದಸರೆಗೆ ಒಂಬತ್ತು ದಿನ. ಬ್ಯಾಟರಾಯನಪುರದ ಸುತ್ತ ಆಸ್ಟರ್ ಹೂ ಬೆಳೆದವರೆಲ್ಲ ಬಿಳಿ, ಗುಲಾಬಿ ಹಾಕಿದ್ದರು. ಕಡುನೇರಳೆ ಇದ್ದದ್ದು ಗೌಹರಳ ಹನ್ನೆರಡು ಸಾಲಿನಲ್ಲಿ ಮಾತ್ರ. ಬಣ್ಣ ತುಸು ತೆಳುವಾದ ಗಿಡವನ್ನು ಮೊದಲ ಹೂವಿಗೇ ಕಿತ್ತೆಸೆದು, ಉಳಿದವುಗಳ ಬೀಜ ಹಿಡಿದು, ಆರು ವರ್ಷದಲ್ಲಿ ಆ ಬಣ್ಣವನ್ನು ನಿಲ್ಲಿಸಿದ್ದಳು. ಆಸ್ಟರ್ ಬೀಜ ವರ್ಷ ಕಳೆದರೆ ಮೊಳೆಯುವುದು ಕಷ್ಟ. ಈ ಗಿಡಗಳು ಹೋದರೆ ಆ ನೇರಳೆಯೂ ಹೋದಂತೆಯೇ.

ಮೇಲಿನ ತಾಕು ಚಿಕ್ಕಮಾರಯ್ಯನದು. ಅಲ್ಲಿ ಗಿಡಗಳು ಒಂದು ಮಗ್ಗುಲು ಹಳದಿ ತಿರುಗಿ ಸೊರಗುತ್ತಿದ್ದವು. ಮಳೆನೀರು ನಿಂತು ಬೇರು ಕೊಳೆಯಿತೆಂದು ನಂಬಿ, ಬದು ಒಡೆದು ಆ ನೀರನ್ನು ಕೆಳಗಿನ ಗೌಹರಳ ಹೊಲಕ್ಕೆ ಬಿಡಹೊರಟಿದ್ದ. ಗೌಹರ್ ಒಂದು ಗಿಡ ಸೀಳಿ ನೋಡಿದ್ದಳು. ಕಾಂಡದೊಳಗೆ ಕಂದು ಗೆರೆಯಿತ್ತು. ಅದು ಮಣ್ಣಿನ ರೋಗ, ನೀರಿನೊಂದಿಗೇ ಹರಿದುಬರುವಂಥದ್ದು.

“ಮಾರಣ್ಣ, ಒಡೀಬೇಡ! ಆ ನೀರು ಇಳಿದ್ರೆ ನಂದೂ ಸಾಯ್ತದೆ. ಗಿಡ ಕಿತ್ತು ಸುಡು ಅಂತ ಎಷ್ಟ್ ಸಲ ಹೇಳ್ಲಿ?”

“ನಿನ್ ಊವ ಮಾರ್ಕೆಟ್‌ಗೆ, ನನ್ ಊವ ಬೆಂಕಿಗೆ! ಬಲೇ ಬುದ್ವಂತೆ ಕಣಮ್ಮೀ. ಸರ್ಕೋ ಅತ್ಲಾಗೆ.”

ಬದು ಬಾಯಿಬಿಟ್ಟಿತು. ಗೌಹರ್ ಆ ಬಾಯಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಅವನು ಜಡೆ ಹಿಡಿದು ಜಗ್ಗಿದ. ಅವಳು ಏಳಲಿಲ್ಲ. ಗುದ್ದಲಿಯ ಮರದ ಕಾವಿನಿಂದ ಅವಳ ಎಡ ಮುಂಗೈಗೆ ಬಾರಿಸಿದ. ಮೂಳೆ ಲಟಕ್ಕೆಂದಿತು. ನೋವು ನೆತ್ತಿಗೇರುವ ಮೊದಲೇ ಅವಳ ಬಲಗೈ ಬೀಸಿ ಆಗಿತ್ತು. ಕುಡುಗೋಲು ಅವನ ಮೀನಖಂಡವನ್ನು ಉದ್ದಕ್ಕೆ ಸೀಳಿತು. ಅವನು ಕೆಸರಿಗೆ ಕುಸಿದ.

“ಕೊಂದಾಕ್ಬುಟ್ಲಲ್ಲಪ್ಪೋ!” ಅವನ ಹೆಂಡತಿ ಮಾರಕ್ಕ ಓಡಿಬಂದು, ಸೆರಗು ಹರಿದು ಗಂಡನ ಕಾಲಿಗೆ ಬಿಗಿದಳು. ಆಮೇಲೆ ಸೊರಗಿದ ಗಿಡವೊಂದನ್ನು ಬೇರುಮಣ್ಣಿನ ಸಮೇತ ಕಿತ್ತು ಗೌಹರಳ ಮೋರೆಗೆ ಎಸೆದಳು. ಇನ್ನೊಂದು. ಮತ್ತೊಂದು. “ನಿನ್ ಊವ ಬದುಕ್ಬೇಕಾ? ತಗಾ, ಬದುಕಿಸ್ಕೋ!”

ಕೆಲವು ಗುರಿ ತಪ್ಪಿ ನೇರಳೆ ಸಾಲುಗಳಲ್ಲಿ ಬಿದ್ದು, ಬೇರಿನ ಮಣ್ಣು ಚೆದುರಿತು.

ಗೌಹರ್ ಬದುವಿನ ಬಾಯಿಗೆ ಮಣ್ಣು ತುಳಿದು ಮುಚ್ಚಿದಳು. ಸಾಲಿನ ತುದಿಯಲ್ಲಿದ್ದ ತನ್ನ ಗುದ್ದಲಿಯನ್ನು ಒಂದೇ ಕೈಯಲ್ಲಿ ಎತ್ತಿ, ತನ್ನದೇ ಮೊದಲ ಸಾಲಿಗೆ ಇಳಿಸಿದಳು. ಅರಳಿದ ಗಿಡಗಳನ್ನು ಕಿತ್ತು ಬದುವಿನಾಚೆ ಎಸೆದಳು. ಎರಡನೇ ಸಾಲು. ಮೂರನೆಯದು.

ಮಾರಕ್ಕನ ಎತ್ತಿದ ಕೈ ಹಾಗೇ ನಿಂತಿತು. “ಏನೇ, ತಲೆ ಕೆಟ್ತಾ?”

“ರೋಗದ ಮಣ್ಣು ಎಲ್ಲೀಗಂಟ ಬಿತ್ತು ಮಾರಕ್ಕ? ಎಸ್ದವಳು ನೀನು, ನೀನೇ ಹೇಳ್ಬೇಕು. ಎಲ್ಲೀಗಂಟ?”

ಮಾರಕ್ಕ ಬೆರಳು ಮಡಿಸಿ ಸಾಲುಗಳನ್ನು ಎಣಿಸಿದಳು. “ಐದು,” ಅಂದಳು. “ಐದ್ನೇ ಸಾಲು.”

ಗೌಹರ್ ಐದರವರೆಗೂ ಅಗೆದು, ಯಾವುದಕ್ಕೂ ಇರಲೆಂದು ಆರನೆಯದನ್ನೂ ಅಗೆದಳು. ಉಳಿದ ಆರು ಸಾಲಿಗೆ ಕೆಸರುಗಾಲು ಇಡದೆ, ಮುರಿದ ಕೈಯನ್ನು ಎದೆಗೊತ್ತಿಕೊಂಡು, ಸುತ್ತುಹಾದಿಯಲ್ಲಿ ರಸ್ತೆಯ ಕಡೆ ನಡೆದಳು.