ಜ್ವರದಲ್ಲಿ ಹೋದ ಕಿವಿ

ಮಳೆ ಹಿಂದೆ ಸರಿದು ಚಳಿ ಕಾಲಿಡುತ್ತಿದ್ದ ದಿನಗಳು, ಬೆಳಗಿನ ಏಳು ಗಂಟೆ. ಮೊಮ್ಮಗಳ ಮೈ ಕೆಂಡವಾಗಿತ್ತು. ಅಳಿಯನ ಕೆಲಸ ಬೇರೆ ಊರಿನಲ್ಲಿದ್ದುದರಿಂದ ಮಗಳೂ ಕೂಸೂ ನನ್ನ ಜೊತೆಗೇ ಇದ್ದರು. ಮೂರು ವರ್ಷದ ಕೂಸು; ಎದ್ದರೆ ಮಲಗುವ ತನಕ ಮಾತು. ರೇಡಿಯೋ ಎಂದೇ ಕರೆಯುತ್ತಿದ್ದೆವು. ಆ ದಿನ ರೇಡಿಯೋ ಬಾಯಿ ಬಿಡಲಿಲ್ಲ. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಅದೇ ಆಸ್ಪತ್ರೆಯ ಹಿಂದಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಗಾಜಿನ ಸಾಮಾನು ತೊಳೆಯುವವಳು ನಾನು.

ಸೂಜಿಮದ್ದು ಬರೆಯುವ ಮುಂಚೆ ಡಾಕ್ಟರು ಕೇಳಿದರು, “ತಾಯಿ ಕಡೆ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲಿ ಕಿವಿ ಹೋಗಿದ್ಯಾ?”

ಮಗಳು ನನ್ನ ಮುಖ ನೋಡಿದಳು.

“ಯಾರಿಗೂ ಇಲ್ಲ ಡಾಕ್ಟ್ರೇ,” ಎಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ನಮ್ಮಕ್ಕ ಒಂಬತ್ತಕ್ಕೆ, ತಮ್ಮ ಆರಕ್ಕೆ ಕಿವಿ ಕಳೆದುಕೊಂಡರು. ಇಬ್ಬರಿಗೂ ಜ್ವರ ಬಂದು ಸೂಜಿ ಹಾಕಿಸಿದ್ದರು. ಕೇಳಿದವರಿಗೆಲ್ಲ ನಮ್ಮಮ್ಮ, “ಹುಟ್ಟಿನಿಂದ ಬಂದದ್ದಲ್ಲಪ್ಪ, ಜ್ವರದಲ್ಲಿ ಹೋದದ್ದು,” ಎನ್ನುತ್ತಿದ್ದಳು. ಹೆಣ್ಣುಮಕ್ಕಳಿರುವ ಮನೆ, ವಂಶದಲ್ಲೇ ಕಿವುಡು ಎಂದರೆ ಹೊಸಿಲು ತುಳಿಯುವವರು ಯಾರು? ಆ ಮಾತು ನನ್ನ ನಾಲಿಗೆಗೆ ಅಂಟಿ ಅರವತ್ತು ವರ್ಷವಾಗಿತ್ತು. ನನಗಾಗಲಿ ಮಗಳಿಗಾಗಲಿ ಅಂಥ ಸೂಜಿಯ ಪ್ರಸಂಗವೇ ಬಂದಿರಲಿಲ್ಲ.

ಕೂಸನ್ನು ವಾರ್ಡಿಗೆ ಸೇರಿಸಿಕೊಂಡರು. ಮೂರನೇ ದಿನ ಜ್ವರ ಇಳಿಯಿತು. ಕೆಲಸಕ್ಕೆ ಹೋದವಳು ಲ್ಯಾಬಿನ ಮೇಡಂಗೆ ಖುಷಿಯಿಂದ ಹೇಳಿದೆ. ಅವರು ರಕ್ತದಲ್ಲಿ ವಂಶದ ಕಾಯಿಲೆ ಹುಡುಕುವವರು.

“ಯಾವ ಸೂಜಿ ಕೊಟ್ರು ಅಜ್ಜಿ?”

ಚೀಟಿ ತೋರಿಸಿದೆ.

“ಒಳ್ಳೇ ಔಷಧಿನೇ. ಎಲ್ಲೋ ಕೆಲವು ಮನೆಯವರಿಗೆ ಮಾತ್ರ ಆಗಲ್ಲ. ತಾಯಿಯಿಂದ ಮಕ್ಕಳಿಗೆ ಬರೋ ಒಂದು ದೋಷ ಇರುತ್ತೆ. ಅದಿದ್ರೆ ಒಂದೆರಡು ಸೂಜಿಗೇ ಕಿವಿ ಹೋಗ್ಬಿಡಬಹುದು. ನಿಮ್ಮಲ್ಲಿ ಅಂಥದ್ದೇನಿಲ್ವಲ್ಲ?”

ನನ್ನ ಕೈಯಲ್ಲಿದ್ದ ಬ್ರಷ್ಷು ನಿಂತಿತು. “ನಮ್ಮಕ್ಕಂಗೆ... ತಮ್ಮಂಗೆ... ಅದು ಜ್ವರದಲ್ಲಿ ಹೋಗಿದ್ದು ತಾಯಿ.”

“ಜ್ವರದಲ್ಲೋ, ಸೂಜೀಲೋ?”

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಬಾಗಿಲು ದಾಟಿದ್ದರು. ನನ್ನ ಮಂಡಿಗೆ ಆ ಓಟ ಎಲ್ಲಿಂದ ಬರಬೇಕು? ನಾನು ವಾರ್ಡು ಮುಟ್ಟಿದಾಗ ಔಷಧಿ ಬದಲಾಯಿಸಿದ್ದರು. ಬೆಳಗಿನದೂ ಸೇರಿ ಮೂರು ಸೂಜಿ ಒಳಗೆ ಹೋಗಿತ್ತು.

ಮುಂದೆ ಕಾಯುವುದಷ್ಟೇ. ಮಗಳು ಕೂಸಿನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟುವಳು. ಕೂಸು ತಿರುಗಿದರೆ ಸಮಾಧಾನಕ್ಕೇ ಅತ್ತುಬಿಡುವಳು. ಎರಡನೇ ವಾರ ಕೂಸು ತಿರುಗುವುದು ನಿಂತಿತು. ಮಾತು ಮಾತ್ರ ನಿಲ್ಲಲಿಲ್ಲ, ಇನ್ನೂ ಜೋರಾಯಿತು.

“ಅಜ್ಜಿ, ಯಾಕೆ ಬರೀ ಬಾಯಿ ಆಡಿಸ್ತೀಯ? ಮಾತಾಡು!” ಎಂದು ನನ್ನ ಗಲ್ಲ ಹಿಡಿದು ಅಲುಗಿಸಿತು.

ಯಂತ್ರವಿಟ್ಟು ನೋಡಿದ ಡಾಕ್ಟರು, ಹೋದದ್ದು ಮರಳುವುದಿಲ್ಲ, ಆಪರೇಷನ್ ಮಾಡಿ ಕಿವಿಯೊಳಗೆ ಸಾಧನ ಕೂರಿಸಬಹುದೇನೋ, ದೊಡ್ಡಾಸ್ಪತ್ರೆಯಲ್ಲಿ ಕೇಳಿ ಎಂದರು. ಸೂಜಿ ಬರೆದವರೂ ಅವರೇ. ನನ್ನನ್ನು ಒಂದು ಮಾತೂ ಬೈಯಲಿಲ್ಲ.

“ಅವತ್ತು ಡಾಕ್ಟ್ರು ಕೇಳ್ದಾಗ ‘ಹೂಂ’ ಅಂದಿದ್ರೆ ಸಾಕಿತ್ತಲ್ಲಮ್ಮಾ,” ಎಂದಳು ಮಗಳು.

ನೀನೂ ಅಲ್ಲೇ ಇದ್ದೆಯಲ್ಲೇ ಎಂಬುದು ಗಂಟಲಿಗೆ ಬಂತು. ನುಂಗಿಕೊಂಡೆ. ಅವಳಿಗೆ ಸುಮ್ಮನಿರುವುದನ್ನು ಕಲಿಸಿದವಳು ನಾನೇ.

ಸೋಮವಾರ ಬೆಳಿಗ್ಗೆ ಅಳಿಯ ಬಂದ. ದೊಡ್ಡಾಸ್ಪತ್ರೆ ಅವನಿರುವ ಊರಿನಲ್ಲೇ ಇದೆಯಂತೆ. ಮಗಳು ಕೂಸನ್ನೆತ್ತಿಕೊಂಡು ಅವನ ಜೊತೆ ಹೊರಟಳು. ನನ್ನನ್ನು ಬಾ ಎನ್ನಲಿಲ್ಲ.